ಎಪಾಕ್ಸಿಗೆ ಯಾವ ಸ್ಪಿರಿಟ್, ರತ್ನಕ್ಕ?

ಮದ್ದೂರಿನ ಬಣ್ಣದಂಗಡಿಯೊಂದರ ಕೌಂಟರಿನ ಹಿಂದೆ ನಾನು ನಿಂತದ್ದು ಮದುವೆಗೂ ಮೊದಲು. ಅಲ್ಲಿಂದ ಈಚೆ ಬಂದದ್ದು ಮೊಮ್ಮಗಳು ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ. ಈಗ ನಿವೃತ್ತಿ ಅಂತ ಹೆಸರಿಗೆ, ಫೋನು ಬಿಡಬೇಕಲ್ಲ! ಬೆಳಿಗ್ಗೆ ಮುದ್ದೆ ತಿರುವುವ ಹೊತ್ತಿಗೆ ಸರಿಯಾಗಿ ಬಡಿದುಕೊಳ್ಳುತ್ತದೆ. "ರತ್ನಕ್ಕ, ಎಪಾಕ್ಸಿ ಗಟ್ಟಿ ಅದೆ, ತೆಳ್ಳಗೆ ಮಾಡಕ್ಕೆ ಯಾವ ಸ್ಪಿರಿಟ್ ಹಾಕ್ಲಿ?" ಅಷ್ಟು ಕೇಳಿದರೆ ಸಾಕು, ಮುದ್ದೆ ಕೋಲು ಸೊಸೆಯ ಕೈಗೆ ಕೊಟ್ಟು ನಾನು ಜಗುಲಿಗೆ ಬಂದುಬಿಡುತ್ತೇನೆ. "ಅತ್ತೆ, ತಳ ಹಿಡೀತದೆ" ಅಂತ ಅವಳು ಕೂಗುವುದು ನನ್ನ ಕಿವಿಗೆ ಬೀಳುವುದೇ ಇಲ್ಲ.

ಬಣ್ಣದಂಗಡಿಯ ಕೌಂಟರಿಗೆ ಹೊಸದಾಗಿ ಬರುವ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಬ್ಬ ಎತ್ತಿಕೊಡುವ ಕೆಲಸ ಅಂದುಕೊಂಡು ಬರುತ್ತೀರಿ, ನಾನೂ ಹಾಗೇ ಬಂದಿದ್ದೆ. ಅಮ್ಮಣ್ಣಿಯರಾ, ಇದು ಪ್ರಶ್ನೆ ಕೇಳುವ ಕೆಲಸ! ಅದರ ರುಚಿ ಹತ್ತಿತೋ, ಮತ್ತೆ ಬಿಡುವುದಿಲ್ಲ.

ನಮ್ಮ ಅಂಗಡಿಯ ಯಜಮಾನರು ಚನ್ನಪ್ಪನವರು ನನಗೆ ಮೊದಲ ದಿನ ಕಲಿಸಿದ್ದು ಒಂದೇ ಮಾತು. ಗಿರಾಕಿ ಏನು ಕೇಳಿದರೂ ಡಬ್ಬಕ್ಕೆ ಕೈ ಹಾಕಬೇಡ, "ಏನಕ್ಕೆ?" ಅಂತ ಕೇಳು. ಆಗ ಸ್ಪಿರಿಟ್ ಡ್ರಮ್ಮಿನಲ್ಲಿ ಬರುತ್ತಿತ್ತು. ನೀಲಿ ಛಾಯೆಯ ಪಾಲಿಶ್ ಸ್ಪಿರಿಟ್. ಗಿರಾಕಿಗಳು ತಂದ ಸೀಸೆಗೆ ಆಲಿಕೆ ಇಟ್ಟು ಸುರಿದು ಕೊಡುವುದು ವಾಡಿಕೆ. ನೀರೋ ಸಾರಾಯಿಯೋ ಕುಡಿಯುವ ಸೀಸೆ ತಂದವರಿಗೆ ಯಜಮಾನರು ಸುರಿಯುತ್ತಿರಲಿಲ್ಲ, ಯಾರೇ ಆಗಲಿ. ಒಂದು ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೇ ಕಾದಿದ್ದವನೊಬ್ಬ ನಡುಗುವ ಕೈಯಲ್ಲಿ ಖಾಲಿ ಸೀಸೆ ಚಾಚಿ, "ಪಾಲಿಸ್ ಸ್ಪಿರಿಟ್ ಕೊಡವ್ವ" ಅಂದ. ನಾನು ಆಲಿಕೆಗೆ ಕೈ ಹಾಕಿದೆ. ಒಳಗಿಂದ ಯಜಮಾನರು ಬಂದರು.

"ಏನಕ್ಕೆ?"

"ಪಾಲಿಸ್ಗೆ ಯಜಮಾನ್ರೆ."

"ಯಾವ ಮರ? ಬಾಗಿಲಾ, ಕುರ್ಚೀನಾ?"

ಅವನು ನೆಲ ನೋಡಿದ. ಯಜಮಾನರು ಬೈಯಲಿಲ್ಲ. ಎದುರು ಹೋಟೆಲಿಂದ ಟೀ ತರಿಸಿ, ಅವನ ಪಕ್ಕ ಕೂತು ಕುಡಿದು, ಕೈಹಿಡಿದು ಬಸ್ಸು ಹತ್ತಿಸಿ ಬಂದರು. ಆಮೇಲೆ ನನ್ನ ಕಡೆ ತಿರುಗಿ, "ಅದ್ರೊಳಗೆ ವಿಸ ಬೆರ್ಸಿರ್ತಾರೆ ಕಣಮ್ಮ, ಯಾರೂ ಕುಡೀಬಾರ್ದು ಅಂತ್ಲೇ. ಕಣ್ಣೇ ಓಗ್ಬುಡ್ತದೆ. ಜೀವ್ವೂ ಓಯ್ತದೆ" ಅಂದರು. ಆವತ್ತಿನಿಂದ "ಏನಕ್ಕೆ" ಕೇಳುವುದು ನನಗೆ ಉಸಿರಾಡಿದಷ್ಟು ಸಹಜವಾಯಿತು. ಈಗ ಸೀಲು ಹಾಕಿದ ಕ್ಯಾನು ಬರುತ್ತದೆ, ಮೇಲೆ ಚೀಟಿ ಇರುತ್ತದೆ, ನಿಮ್ಮ ಕೆಲಸ ಹಗುರ. ಆದರೂ ಕೇಳಿ.

ಆ ಕಾಲದ ರಾಜ ಅಂದರೆ ಪಾಲಿಶ್ ಮೇಸ್ತ್ರಿ ಈರಾಚಾರಿ. ಅರಗಿನ ಚೂರನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ, ಕರಗಿದ ಮೇಲೆ ಬಟ್ಟೆಯ ಉಂಡೆಯಲ್ಲಿ ಅದ್ದಿ ಮರಕ್ಕೆ ಉಜ್ಜುವುದು. ಹಳೇ ಬೀಟೆ ಬೀರು ಕನ್ನಡಿಯಾಗುತ್ತಿತ್ತು! ಸ್ಪಿರಿಟ್ ಕೊಳ್ಳುವಾಗ ಒಂದು ತೊಟ್ಟು ಅಂಗೈ ಹಿಂದೆ ಬಿಟ್ಟುಕೊಂಡು ಊದುವರು. ಚುರ್ ಅಂತ ತಣ್ಣಗಾಗಿ ಆರಿಹೋದರೆ ತಲೆ ಆಡಿಸುವರು. ಚರ್ಮ ಒದ್ದೆಯಾಗೇ ಉಳಿದರೆ "ನೀರು ಬಿದ್ದದೆ, ವಾಪಸ್ ಮಡಗು" ಅನ್ನುವರು. ನೀರು ಬಿದ್ದ ಸ್ಪಿರಿಟ್‌ನಲ್ಲಿ ಪಾಲಿಶ್ ಮಾಡಿದರೆ ಮರದ ಮೇಲೆ ಬೂದಿ ಹಾರಿದ ಹಾಗೆ ಬಿಳಿ ಮಬ್ಬು ಕೂರುತ್ತದೆ. ಅವರು ಹೋದ ಮೇಲೆ ಅರಗು ಕೇಳುವವರು ಕಮ್ಮಿಯಾದರು, ರೆಡಿಮೇಡ್ ಪಾಲಿಶ್ ಡಬ್ಬ ಬಂತು, ಡ್ರಮ್ಮು ಹೋಯಿತು.

ಆಮೇಲೆ ಬಂತು ನೋಡಿ ಎಪಾಕ್ಸಿ!

ಮೊದಲು ಅದು ಟೈಲ್ಸ್ ಸಂದಿಗೂ ನೀರಿನ ತೊಟ್ಟಿಯ ಬಿರುಕಿಗೂ ಹೋಗುತ್ತಿತ್ತು. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಫೋನಿನಲ್ಲಿ ನೋಡಿ ನೋಡಿ ಅದನ್ನು ಕಲೆ ಮಾಡಿಬಿಟ್ಟರು. ಎರಡು ಸೀಸೆ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಹೇಳಿದ ಅಳತೆಯಲ್ಲಿ ಬೆರೆಸಿ ಅಚ್ಚಿಗೆ ಹೊಯ್ದರೆ ಗಾಜಿನಂತೆ ಕೂರುತ್ತದೆ. ಕೀ ಗೊಂಚಲು, ಗಡಿಯಾರ, ಒಳಗೆ ಹೂವಿಟ್ಟ ತಟ್ಟೆ! ನನ್ನ ವಯಸ್ಸಿಗೆ ಅದನ್ನು ನೋಡಿ ಕುಣಿಯುವ ಹಾಗಾಗುತ್ತಿತ್ತು. ಒಂದೇ ತಾಪತ್ರಯ. ರಾಳ ಆಲೆಮನೆಯ ಜೋನಿಬೆಲ್ಲದ ಹಾಗೆ ಮಂದ. ಚಳಿಗಾಲದಲ್ಲಿ ಇನ್ನೂ ಮಂದ. ಬಂದವರೆಲ್ಲ ಕೇಳುವುದು ತೆಳ್ಳಗೆ ಮಾಡಲು ಏನು ಹಾಕಲಿ ಅಂತ.

ಬೆಸಗರಹಳ್ಳಿಯ ಸವಿತಾ ಕೇಳದೆಯೇ ಹಾಕಿಬಿಟ್ಟಿದ್ದಳು. ಹೊಸದಾಗಿ ಮದುವೆಯಾದ ಹುಡುಗಿ. ಮದುವೆ ಹಾರದ ಹೂವನ್ನು ಒಣಗಿಸಿ, ಎಪಾಕ್ಸಿಯಲ್ಲಿ ಕೂರಿಸಿ, ಗಂಡನಿಗೆ ತೋರಿಸಬೇಕು ಅಂತ ಆಸೆ. ರಾಳ ಇಳಿಯಲಿಲ್ಲ. ಮನೆಯಲ್ಲಿ ಕೊರೊನಾ ಕಾಲದ ಸ್ಯಾನಿಟೈಸರ್ ಕ್ಯಾನು ಬಿದ್ದಿತ್ತು. ಅದೂ ಆಲ್ಕೋಹಾಲೇ ತಾನೆ ಅಂತ ಧಾರಾಳವಾಗಿ ಸುರಿದಿದ್ದಾಳೆ. ಒಂದು ದಿನ ಅತ್ತೆ ಸೊಸೆ ಇಬ್ಬರೂ ತಟ್ಟೆ ಹಿಡಿದು ಅಂಗಡಿಗೆ ಬಂದರು. ಬೆಳ್ಳಗೆ ಮಸುಕು, ಬೆರಳಿಟ್ಟರೆ ಅಂಟು, ಅದರೊಳಗೆ ಪಾಪ ಒಂದು ಗುಲಾಬಿ.

"ನೋಡು ತಾಯಿ ರತ್ನಮ್ಮ, ನನ್ ಸೊಸೆ ಮದ್ವೆ ಹೂವ ಗಂಜೀಲಿ ಮುಳುಗ್ಸವ್ಳೆ" ಅಂದರು ಅತ್ತೆ.

ಸವಿತಾಳ ಕಣ್ಣಲ್ಲಿ ನೀರು. "ಅಕ್ಕ, ಆಲ್ಕೋಹಾಲ್ ಅಂತ್ಲೇ ಬರೆದಿತ್ತು ಕಣಕ್ಕ."

ಬರೆದಿರುತ್ತದೆ! ಸ್ಯಾನಿಟೈಸರಿನಲ್ಲಿ ಆಲ್ಕೋಹಾಲಿನ ಜೊತೆ ನೀರೂ ಉಂಟು, ಕೈ ಒಡೆಯದಿರಲಿ ಅಂತ ಗ್ಲಿಸರಿನ್ನೂ ಉಂಟು. ಎರಡೂ ಎಪಾಕ್ಸಿಗೆ ಆಗಬರುವುದಿಲ್ಲ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ದೂ ಇದೇ ಹಣೆಬರಹ. ಆ ತಟ್ಟೆ ಉಳಿಯಲಿಲ್ಲ. ಹಾರದಲ್ಲಿ ಇನ್ನೂ ಹೂವಿತ್ತು. ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ನೀರಿನಲ್ಲಿ ರಾಳದ ಸೀಸೆಯನ್ನು ಮುಚ್ಚಳ ಬಿಗಿದು ಕೊಂಚ ಹೊತ್ತು ಇಟ್ಟುಕೋ, ಸೀಸೆ ಒರೆಸಿ ಆಮೇಲೆ ಬೆರೆಸು, ಏನೂ ಸುರಿಯಬೇಡ ಅಂದೆ. ಮುಂದಿನ ಸಲ ಅತ್ತೆಯೇ ತಟ್ಟೆ ಎತ್ತಿಕೊಂಡು ಬಂದು ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸಿದರು. "ನಮ್ ಸೊಸೆ ಮಾಡಿದ್ದು!" ಆ ಮುಖ ನೋಡಬೇಕಿತ್ತು ನೀವು.

ಇಷ್ಟಾದರೂ ನನ್ನ ತಲೆಯೊಳಗೆ ಹುಳ ಬಿಟ್ಟ ಹಾಗಾಗಿತ್ತು. ತೆಳ್ಳಗೆ ಮಾಡಲೇಬೇಕಾದ ಕೆಲಸ ಬಂದರೆ ಯಾವುದು ಸರಿ? ಅದಕ್ಕೆ ಕಿಡಿ ಹಚ್ಚಿದವರು ಹೊಳಲಿನ ಪುಟ್ಟೇಗೌಡರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಸ್ಪಿರಿಟ್ ಭಟ್ಟಿ ಇಳಿಸುವ ಕಡೆ ಕೆಲಸ ಮಾಡಿ ನಿವೃತ್ತರಾದವರು. ನಾಲೆಯಲ್ಲಿ ಮೀನು ಹಿಡಿಯುವ ಹುಚ್ಚು. ಗಾಳದ ಕೋಲಿಗೆ ದಾರ ಸುತ್ತಿ, ಅದರ ಮೇಲೆ ಎಪಾಕ್ಸಿ ಬಳಿದು ಹೊಳಪು ಕೊಡುತ್ತಿದ್ದರು. ನಾನು ಅವರಿಗೆ ಐಪಿಎ ಕ್ಯಾನು ತೋರಿಸಿದೆ. ಮೊಬೈಲ್ ರಿಪೇರಿಯವರು ಸರ್ಕ್ಯೂಟ್ ತೊಳೆಯಲು ಒಯ್ಯುತ್ತಾರಲ್ಲ, ಆ ಐಸೋಪ್ರೊಪೈಲ್ ಆಲ್ಕೋಹಾಲ್.

"ಅದು ಎಲ್ಲಿಂದ ಬತ್ತದೆ?" ಅಂತ ಮೂಗು ಮುರಿದರು.

"ಪೆಟ್ರೋಲಿನ ಕಡೆಯದು ಗೌಡ್ರೆ."

"ಮಂಡ್ಯ ಜಿಲ್ಲೇಲಿ ಉಟ್ಟಿ ಪೆಟ್ರೋಲ್ ಸ್ಪಿರಿಟ್ ಮುಟ್ಲಾ ನಾನು? ಕಬ್ಬಿಂದ ಬಂದದ್ದೇ ಕೊಡು. ನಮ್ ಕಬ್ಬಿನ್ ಮುಂದೆ ಅದ್ಯಾವ ಲೆಕ್ಕ!"

ಇದು ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು. ಕಬ್ಬಿನ ಹೆಸರು ಹೇಳಿದರೆ ನಮಗೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಹೌದು, ಪಾಲಿಶ್ ಸ್ಪಿರಿಟ್ ಬರುವುದು ಕಬ್ಬಿನ ಕಾಕಂಬಿಯಿಂದಲೇ. ನನಗೂ ಒಳಗೊಳಗೆ ಅದೇ ಗೆಲ್ಲಲಿ ಅಂತಿತ್ತು. ಬನ್ನಿ ಗೌಡ್ರೆ, ನೋಡೇಬಿಡೋಣ ಅಂದೆ.

ಸೋಡಾ ಬಾಟಲಿಯ ಮುಚ್ಚಳಗಳನ್ನು ತೊಳೆದು ಒಣಗಿಸಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಎಪಾಕ್ಸಿಯ ಎರಡೂ ಭಾಗವನ್ನು ಮೊದಲು ಚೆನ್ನಾಗಿ ಬೆರೆಸಿ, ಆಮೇಲೆ ಒಂದೊಂದು ಮುಚ್ಚಳಕ್ಕೆ ಒಂದೊಂದು ಬಗೆಯ ಆಲ್ಕೋಹಾಲ್ ಕೆಲವೇ ಹನಿ. ಒಂದಕ್ಕೆ ಸ್ಯಾನಿಟೈಸರ್, ಒಂದಕ್ಕೆ ಪಾಲಿಶ್ ಸ್ಪಿರಿಟ್, ಒಂದಕ್ಕೆ ನೀರಿಲ್ಲದ ಒಳ್ಳೇ ಐಪಿಎ. ಕೊನೆಯದಕ್ಕೆ ಏನೂ ಇಲ್ಲ. ಫ್ಯಾನು ಹಾಕಿ, ಬಾಗಿಲು ತೆರೆದು, ಬೆಂಕಿಕಡ್ಡಿ ಗೀರುವವರನ್ನೆಲ್ಲ ಓಡಿಸಿದೆ. ಯಜಮಾನರು ಹಾದುಹೋಗುವಾಗಲೆಲ್ಲ "ಇದು ಅಂಗ್ಡೀನಾ ಕಾಲೇಜಾ?" ಅಂತ ಗೊಣಗುವರು. ಗೊಣಗಿ, ಬಗ್ಗಿ, ಒಂದು ಮುಚ್ಚಳ ಎತ್ತಿ ನೋಡಿಯೇ ಹೋಗುವರು. ಗೌಡರಂತೂ ಮೀನು ಹಿಡಿಯುವುದನ್ನೇ ಬಿಟ್ಟು ದಿನವೂ ಹೊಳಲಿನಿಂದ ಬಂದರು. ಪರೀಕ್ಷೆ ಬರೆದ ಮಕ್ಕಳ ಹಾಗೆ ನಾವು ಮೂವರೂ ಕಿಟಕಿಯ ಮುಂದೆ!

ಉಗುರಿನಿಂದ ಒತ್ತಿ ನೋಡಿದೆವು. ಸ್ಯಾನಿಟೈಸರಿನದು ಮೊಸರು. ಪಾಲಿಶ್ ಸ್ಪಿರಿಟ್‌ನದು ತಡವಾಗಿ ಒಣಗಿತ್ತು, ಮೇಲೆ ತೆಳು ಮಬ್ಬು, ಬಣ್ಣದ ಛಾಯೆ ಬೇರೆ. ಐಪಿಎ ಹಾಕಿದ್ದು ತಿಳಿಯಾಗಿತ್ತು, ಒತ್ತಿದರೆ ಉಗುರಿನ ಗುರುತು ಕೊಂಚ ಬೀಳುತ್ತಿತ್ತು. ಏನೂ ಹಾಕದ ಮುಚ್ಚಳ ಮಾತ್ರ ಕಲ್ಲು. ಉಗುರೇ ಜಾರಿತು.

ಗೌಡರು ಪಾಲಿಶ್ ಸ್ಪಿರಿಟ್‌ನ ಮುಚ್ಚಳವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಹಣೆ ತಾವೇ ಬಡಿದುಕೊಂಡರು. "ಥೂ, ಜೀವಮಾನೆಲ್ಲ ಇದ್ನೇ ನೋಡಿ ಮರ್ತ್ಬುಟ್ನಲ್ಲ! ಎಷ್ಟ್ ಸಲ ಕಾಯ್ಸಿ ಇಳ್ಸುದ್ರೂ ಕೊನೇ ಪಾಲು ನೀರು ಸ್ಪಿರಿಟ್ ಬುಟ್ಟು ಓಗಾಕಿಲ್ಲ ರತ್ನಮ್ಮ. ಅದ ತಗಿಯಕ್ಕೆ ಬೇರೆ ಕ್ರಮಾನೇ ಬೇಕು. ಪಾಲಿಸ್ ಸ್ಪಿರಿಟ್ಗೆ ಯಾರ್ ಮಾಡಾರು?" ಅಂದರು. ಹೀಗೆ ಕಾರಣ ಹೇಳಿಕೊಟ್ಟವರು ಅವರೇ. ಆ ಮಾತು ಕೇಳಿ ನನಗೆ ಈರಾಚಾರಿಯವರ ಬಿಳಿ ಮಬ್ಬಿನ ಅರ್ಥವೂ ಆಯಿತು, ಅಂಗಡಿಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಗೌಡರು ಕಬ್ಬಿನ ಮೇಲಿನ ಅಭಿಮಾನ ಬಿಡಲಿಲ್ಲ ಅನ್ನಿ. ಗಾಳದ ಕೋಲಿಗೆ ಏನೂ ಬೆರೆಸದೆ ಬಿಸಿ ನೀರಿನ ಉಪಾಯವನ್ನೇ ಹಿಡಿದರು.

ನಮಗೆ ತಿಳಿದದ್ದು ಇಷ್ಟು. ಗಟ್ಟಿ ಬೇಕಾದಲ್ಲಿ, ದಪ್ಪಗೆ ಹೊಯ್ಯುವಲ್ಲಿ, ಆಲ್ಕೋಹಾಲ್ ಬೇಡವೇ ಬೇಡ. ಒಳಗೆ ಸಿಕ್ಕಿಕೊಂಡ ಆಲ್ಕೋಹಾಲ್ ಹೊರಗೆ ಹೋಗಲು ದಾರಿಯಿಲ್ಲದೆ ಎಪಾಕ್ಸಿಯನ್ನು ಮೆತ್ತಗೆ ಮಾಡುತ್ತದೆ. ತೆಳು ಲೇಪ ಹರಡಬೇಕಾದರೆ ನೂರಕ್ಕೆ ಐದು ಪಾಲು ಮೀರದಂತೆ, ನೀರಿಲ್ಲದ ಐಪಿಎ. ಒಣ ಮರ ಕುಡಿದು ಒಳಗೆ ಬಿಗಿಯಾಗಬೇಕಾದರೆ ಮಾತ್ರ ಇನ್ನೂ ತೆಳ್ಳಗೆ ಮಾಡಬಹುದು. ಒಂದು ಲೇಪ ಆರುವ ತನಕ ಕಾದು ಮುಂದಿನದು. ಕೈಗೆ ಗ್ಲೌಸು, ಬಯಲು ಗಾಳಿ, ಒಲೆಯಿಂದ ದೂರ. ಕೈಗಂಟಿದ ರಾಳವನ್ನು ಆಲ್ಕೋಹಾಲಿನಲ್ಲಿ ಒರೆಸಬೇಡಿ, ಅದು ರಾಳವನ್ನು ಚರ್ಮದೊಳಕ್ಕೇ ಕಳಿಸುತ್ತದೆ. ಸೋಪು ಹಾಕಿ ತೊಳೆಯಿರಿ.

ಇದನ್ನೆಲ್ಲ ಕಲಿತ ಹೆಮ್ಮೆಯಲ್ಲಿ ನಾನು ತೇಲುತ್ತಿದ್ದಾಗ ಮಾದೇಶ ಬಂದ. ನಾನು ಕೆಲಸ ಬಿಡುವ ವರ್ಷದ ಮಾತು.

ಮಾದೇಶ ಬಸ್ ಕಂಡಕ್ಟರು, ಊರು ಮಳವಳ್ಳಿ ದಾಟಿ ಒಳಗೆ. ಮನೆತನದಿಂದ ಬಂದ ಸೋಮನ ಕುಣಿತ ಅವನದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಮ್ಮನ ಹಬ್ಬದಲ್ಲಿ ಮರದ ದೊಡ್ಡ ಮುಖವಾಡ ಕಟ್ಟಿಕೊಂಡು ತಮಟೆಗೆ ಕುಣಿಯುತ್ತಾರೆ, ಆ ಮುಖವಾಡವೇ ಸೋಮ. ಇವರದು ಕೆಂಪು ಸೋಮ. ಹಾಲುವಾಣದ ಹಗುರ ಮರದಲ್ಲಿ ಕೆತ್ತಿದ್ದು, ಅವನ ಅಪ್ಪ ಬದುಕಿರುವ ತನಕ ಕಟ್ಟಿ ಕುಣಿದದ್ದು. ಅಪ್ಪ ಹೋದ ಮೇಲೆ ಅಟ್ಟದಲ್ಲಿಟ್ಟಿದ್ದಾಗ ಕುಟ್ಟೆ ಹತ್ತಿದೆ. ಬಿಸಿಲಿಗಿಟ್ಟು, ಔಷಧಿ ಹೊಡೆದು ಹುಳ ಕೊಂದಿದ್ದಾನೆ. ಒಳಗೆ ಮರ ಹಿಟ್ಟಾಗಿದೆ.

"ಪೂಜಾರಪ್ಪ ಯೋಳ್ಬುಟ್ಟವ್ರೆ ಕಣಕ್ಕ. ಅಬ್ಬಕ್ಕೆ ಮುಂಚೆ ಬಿಳೀ ಪಂಚೆ ಮೇಲೆ ಮಡಗಿ ತಟ್ಟಿ ನೋಡ್ತಾರಂತೆ. ಒಂದ್ ಚೂರು ಉದುರುದ್ರೂ ಬಿನ್ನ ಆದಂಗೆ, ಒಳೆಗೆ ಬುಡ್ಬೇಕು. ಒಸಾದು ಮಾಡ್ಸಬೌದು, ಇಲ್ಲಾ ಅನ್ನಲ್ಲ. ಆದ್ರೆ ಅದು ನಮ್ಮಪ್ಪ ಕಟ್ಟಿದ್ದಲ್ಲ."

ಭಿನ್ನವಾದ ಸೋಮನನ್ನು ಹೊಳೆಯ ನೀರಿಗೆ ಬಿಡುವುದು ಅಲ್ಲಿಯ ಪದ್ಧತಿ. ಎಪಾಕ್ಸಿ ಆಗಲೇ ಕೊಂಡಿದ್ದ. ಮಂದವಾಗಿದ್ದರಿಂದ ಮರಕ್ಕೆ ಇಳಿಯುವುದಿಲ್ಲ, ಮೇಲೇ ಕೂತರೆ ತೂಕ ಹೆಚ್ಚಿ ಕುಣಿಯಲಾಗುವುದಿಲ್ಲ. ನನಗೆ ಎಷ್ಟು ಸಂತೋಷವಾಯಿತು ಅಂದರೆ! ತೆಳ್ಳಗೆ ಮಾಡಲೇಬೇಕಾದ ಕೆಲಸ ಕೊನೆಗೂ ನನ್ನ ಕೌಂಟರಿಗೆ ಬಂದಿತ್ತು. ಐಪಿಎ ಕೊಟ್ಟೆ, ಬ್ರಶ್ಶು ಕೊಟ್ಟೆ, ಮುಚ್ಚಳಗಳನ್ನೆಲ್ಲ ತೋರಿಸಿ ಪಾಠ ಮಾಡಿದೆ. ಆವತ್ತು ಅವನಿಗೆ ರಜೆ. ಈಗಲೇ ಹೋಗಿ ಶುರುಮಾಡ್ತೀನಿ ಅಂತ ಮಳವಳ್ಳಿ ಬಸ್ಸು ಹಿಡಿದ.

ಊಟದ ಹೊತ್ತಿಗೆ ಒಬ್ಬರು ಬಂದು ಅರಗು ಕೇಳಿದರು, ಯಾವುದೋ ಹಳೇ ತೊಟ್ಟಿಲಿಗೆ. ಅಪರೂಪದ ಗಿರಾಕಿ. ಕಂದು ಕೆಂಪು ಚೂರುಗಳನ್ನು ತಕ್ಕಡಿಗೆ ಸುರಿಯುತ್ತಾ, "ಸ್ಪಿರಿಟ್‌ನಲ್ಲಿ ನೆನೆಹಾಕಿ, ಪೂರಾ ಕರಗಿಬಿಡುತ್ತೆ" ಅಂದೆ. ಅಂದವಳು ಅಲ್ಲೇ ನಿಂತುಬಿಟ್ಟೆ. ಹಳೇ ಕಾಲದ ಮರದ ಮುಖ. ಕೆಂಪು. ಹೊಳಪು. ಅದರ ಮೇಲೆ ಬಳಿದಿರುವುದು ಏನು? ಅರಗೇ ಆಗಿದ್ದರೆ? ಐಪಿಎ ಆದರೇನು, ಕಬ್ಬಿನದಾದರೇನು, ಅರಗನ್ನು ಕರಗಿಸದ ಸ್ಪಿರಿಟ್ ಉಂಟೇ! ಮರ ಬಿಗಿಯಾಗುವ ಮೊದಲೇ ಸೋಮನ ಮುಖವೇ ಕರಗಿಹೋಗುತ್ತದೆ.

ಮಾದೇಶನಿಗೆ ಫೋನು ಮಾಡಿದೆ. ಬಡಿದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಯಜಮಾನರಿಗೆ ವಿಷಯ ಹೇಳಿದೆನೋ ಕಿರುಚಿದೆನೋ ಗೊತ್ತಿಲ್ಲ. "ನಿಂತ್ಕಂಡು ನನ್ ಮೊಕ ಏನ್ ನೋಡೀಯೆ, ಓಗಮ್ಮ! ತಕ್ಕಡಿ ನಾ ನೋಡ್ಕತೀನಿ" ಅಂದರು. ಚಪ್ಪಲಿ ಮೆಟ್ಟಿದ ನೆನಪೂ ಇಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ, ನಿಂತರೆ ಬೇಗ ತಲುಪುತ್ತೇನೆ ಅನ್ನುವ ಹಾಗೆ. ದಾರಿಯುದ್ದ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ. ಡ್ರೈವರಿಗೆ ಎರಡು ಸಲ ಗದರಿದೆ, ಅವನೂ ತಿರುಗಿ ಗದರಿದ. ಮಳವಳ್ಳಿಯಲ್ಲಿ ಆಟೋ ಹತ್ತಿ ಅವನ ಊರು ತಲುಪಿದೆ, ಕೆಂಪು ಸೋಮನ ಮನೆ ಅಂದದ್ದಕ್ಕೆ ಮಕ್ಕಳೇ ದಾರಿ ತೋರಿಸಿದವು.

ಅಂಗಳದಲ್ಲಿ ಈಚಲು ಚಾಪೆಯ ಮೇಲೆ ಸೋಮ ಮಲಗಿದ್ದ, ಮುಖ ಮೇಲಾಗಿ. ಎಂಥ ಮುಖ! ಬಿಟ್ಟ ಕಣ್ಣು, ಹುರಿ ಮೀಸೆ, ಮಾಗಿದ ಮೆಣಸಿನಕಾಯಿಯ ಕೆಂಪು. ಮಾದೇಶ ಲೋಟದಲ್ಲಿ ಬೆರೆಸಿ ಮುಗಿಸಿ ಬ್ರಶ್ಶು ಅದ್ದಿದ್ದ.

"ಲೋ ಮಾದೇಶ, ಕೈ ತಗಿಯೋ!"

ಅವನು ಬೆಚ್ಚಿ ಬ್ರಶ್ಶು ಚಾಪೆಯಾಚೆ ಎಸೆದ. "ಯಾಕಕ್ಕ? ನೀವೇ ಯೋಳಿದ್ರಲ್ಲ!"

ಉಸಿರು ಸಿಕ್ಕದೆ ಕೈಸನ್ನೆಯಲ್ಲೇ ಹತ್ತಿ ಕೇಳಿದೆ. ಅವನ ಹೆಂಡತಿ ತಾಯಮ್ಮ ದೀಪದ ಬತ್ತಿಯ ಹತ್ತಿ ತಂದಳು. ಒಂದು ತೊಟ್ಟು ಐಪಿಎ ಹಾಕಿ, ಸೋಮನ ಗಲ್ಲದ ಕೆಳಗೆ ಕಾಣದ ಜಾಗದಲ್ಲಿ ಮೆಲ್ಲಗೆ ಒತ್ತಿ ತೆಗೆದೆ. ಹತ್ತಿ ಕುಂಕುಮವಾಗಿತ್ತು.

ಮಾದೇಶ ಕುಸಿದು ಕೂತ. "ಅಯ್ಯಯ್ಯೋ, ನಮ್ಮಪ್ಪನ್ ಸೋಮನ್ನ ನಾನೇ ತೊಳ್ದಾಕ್ಬುಡ್ತಿದ್ನಲ್ಲಕ್ಕ."

ಅಳುವುದಕ್ಕೆ ಪುರುಸೊತ್ತಿಲ್ಲ, ಅವನು ಬೆರೆಸಿದ ಲೋಟ ಎತ್ತಿಕೊಂಡರೆ ಆಗಲೇ ಬೆಚ್ಚಗಾಗುತ್ತಿತ್ತು! ಎಪಾಕ್ಸಿ ಬೆರೆಸಿದ ಮೇಲೆ ಯಾರಿಗೂ ಕಾದು ಕೂರುವುದಿಲ್ಲ. ಲೋಟದ ರಾಶಿಯಲ್ಲಿ ಹಾಗೇ ಬಿಟ್ಟರೆ ಬಿಸಿಯೇರಿ ಬೇಗ ಗಟ್ಟಿಯಾಗುತ್ತದೆ. ಅಗಲದ ತಟ್ಟೆಗೆ ಸುರಿದೆ. "ತಾಯಮ್ಮ, ಉಲ್ಲು ತತ್ತಾ, ಮೆತ್ತಗಿರೋದು!" ಅಂತ ಕೂಗಿದೆ. ಅವಳು ಭತ್ತದ ಹುಲ್ಲು ಹರಡಿ ಅದರ ಮೇಲೆ ತನ್ನ ಹಳೇ ಸೀರೆ ಹಾಸಿದಳು. ಸೋಮನನ್ನು ಮೂವರೂ ಉಸಿರು ಬಿಗಿಹಿಡಿದು ಬೋರಲು ಮಾಡಿದೆವು. ಹಿಂಬದಿಯ ಟೊಳ್ಳು ಕಾಣಿಸಿತು. ಅಲ್ಲಿ ಬಣ್ಣವಿಲ್ಲ, ಅರಗಿಲ್ಲ, ಬರಿಯ ಮರ, ತುಂಬ ಸಣ್ಣ ಸಣ್ಣ ತೂತು.

ಎಸೆದಿದ್ದ ಬ್ರಶ್ಶನ್ನು ಒರೆಸಿ ಮೊದಲ ಸಲ ತಾಗಿಸಿದೆ. ಬೇಸಿಗೆಯ ನೆಲ ಮೊದಲ ಮಳೆ ಕುಡಿದ ಹಾಗೆ ಮರ ಸರ್ ಅಂತ ಕುಡಿಯಿತು! ಮಾದೇಶ "ಕುಡೀತದೆ ಕಣಕ್ಕ, ಕುಡೀತದೆ!" ಅಂತ ಕುಣಿದಾಡಿದ. ನನಗೆ ಭಯ. ತೂತುಗಳಲ್ಲಿ ಇಳಿದು ಮುಂದಿನ ಮುಖಕ್ಕೆ ತಲುಪಿದರೆ ಒಳಗಿಂದಲೇ ಅರಗು ಕರಗುತ್ತದೆ. ಬ್ರಶ್ಶು ಮಾದೇಶನ ಕೈಗೆ ಕೊಟ್ಟು, ಸುರಿಯಬೇಡ, ಹಿಂಡಿ ಬಳಿ ಅಂದೆ. ತಾಯಮ್ಮ ನೆಲಕ್ಕೆ ಕೆನ್ನೆ ಹಚ್ಚಿ, ಸೀರೆ ಮಡಿಕೆಯ ಸಂದಿಯಲ್ಲಿ ಇಣುಕಿ, ಕೆಂಪು ಕಂಡಿತೋ ಇಲ್ಲವೋ ನೋಡುತ್ತಲೇ ಇದ್ದಳು. "ಇಲ್ಲಕ್ಕ, ಇನ್ನೂ ಇಲ್ಲ. ಬಳೀರಿ."

ಹಣೆ ತಾಗುವ ಜಾಗದಲ್ಲಿ ಒಂದು ಪಟ್ಟಿ ಕಪ್ಪಗೆ, ಜಿಡ್ಡಾಗಿತ್ತು. ಅಲ್ಲಿ ಬ್ರಶ್ಶು ಜಾರಿತು, ಮರ ಕುಡಿಯಲಿಲ್ಲ. ಬಗ್ಗಿ ನೋಡಿದರೆ ಆ ಪಟ್ಟಿಯಲ್ಲಿ ಒಂದು ತೂತೂ ಇಲ್ಲ.

"ಮಾವ ತಲೆಗೆ ಅಳ್ಳೆಣ್ಣೆ ಆಕ್ಕೊಂಡೇ ಕಟ್ತಿದ್ರು. ರುಮಾಲೂ ನೆಂದೋಗದು" ಅಂದಳು ತಾಯಮ್ಮ.

ವರ್ಷವರ್ಷ ಹರಳೆಣ್ಣೆ ಕುಡಿದ ಜಾಗಕ್ಕೆ ಹುಳ ಬಾಯಿ ಹಾಕಿರಲಿಲ್ಲ. ಎಣ್ಣೆಯ ಮೇಲೆ ಎಪಾಕ್ಸಿ ಹಿಡಿಯುವುದೂ ಇಲ್ಲ, ಅಲ್ಲಿ ಅದು ಬೇಕಾಗಿಯೂ ಇಲ್ಲ. ಆ ಪಟ್ಟಿ ಹಾಗೇ ಬಿಟ್ಟೆವು. ಮಾದೇಶ ಅದನ್ನು ಒಂದು ಸಲ ಬೆರಳಲ್ಲಿ ಮುಟ್ಟಿ ಮತ್ತೆ ಬ್ರಶ್ಶು ಹಿಡಿದ.

ಎಲ್ಲಕ್ಕಿಂತ ಕೆಟ್ಟಿದ್ದು ಮೂಗು. ಅದರ ಹಿಂದೆ ಮರವೇ ಉಳಿದಿರಲಿಲ್ಲ, ಹೊರಗಿನ ಸಿಪ್ಪೆ ಮಾತ್ರ. ಅಲ್ಲಿ ತೆಳುವಾದದ್ದು ಬಳಿದರೆ ನೇರ ಬಣ್ಣಕ್ಕೇ ಹೋಗುತ್ತದೆ. ಮೂಗಿಗೆ ಆಲ್ಕೋಹಾಲೇ ಬೇಡ ಅಂತ ತೀರ್ಮಾನಿಸಿದೆ. ಹೊಸದಾಗಿ ಇಷ್ಟೇ ಇಷ್ಟು ರಾಳವನ್ನು ಹಂಡೆಯ ಬಿಸಿ ನೀರಿನಲ್ಲಿ ಬೆಚ್ಚಗೆ ಮಾಡಿ, ಗಟ್ಟಿ ಮಾಡುವ ದ್ರವ ಬಿಟ್ಟು ಬೇರೇನೂ ಬೆರೆಸದೆ, ಕಡ್ಡಿಯಿಂದ ತೊಟ್ಟು ತೊಟ್ಟಾಗಿ ಬಿಟ್ಟೆವು. ಒಂದೇ ಮುಖ, ಅದಕ್ಕೆ ಎರಡು ಬಗೆ. ಯಾವ ಆಲ್ಕೋಹಾಲ್ ಅಂತ ಕೇಳುವವರಿಗೆ ನಾನು ಈಗಲೂ ಈ ಮೂಗಿನ ಕತೆ ಹೇಳುತ್ತೇನೆ. ಉಳಿದ ಲೇಪಗಳನ್ನು ಮಾದೇಶ ತಾನೇ ರಜೆ ಸಿಕ್ಕಾಗಲೆಲ್ಲ ಕೊಟ್ಟ, ಒಂದು ಆರಿದ ಮೇಲೆ ಇನ್ನೊಂದು. ಪ್ರತಿ ಸಲವೂ ಫೋನು. "ಅಕ್ಕ, ಉಗುರು ಊರಾಕಿಲ್ಲ ಕಣಕ್ಕ!"

ಪೂಜಾರಪ್ಪ ಪರೀಕ್ಷೆ ಮಾಡುವ ಬೆಳಿಗ್ಗೆ ಮಾದೇಶ ನನ್ನನ್ನೂ ಕರೆದಿದ್ದ. ಯಜಮಾನರು ತಾವೇ ಅಂಗಡಿ ಮುಚ್ಚಿ ನನ್ನ ಜೊತೆ ಹೊರಟರು. ನೋಡುವ ಆಸೆ ನನಗಿಂತ ಅವರಿಗೇ ಹೆಚ್ಚು. ಅಂಗಳದ ತುಂಬ ಜನ. ಮಧ್ಯೆ ಬಿಳಿ ಪಂಚೆ ಹಾಸಿತ್ತು. ಪೂಜಾರಪ್ಪ ಮುದುಕರು, ಮಾತು ಕಮ್ಮಿ. ಸೋಮನನ್ನು ಎತ್ತಿ ತೂಕ ನೋಡಿದರು. "ಏನಂತ ಬಾರ ಇಲ್ಲ" ಅಂದರು. ಪಂಚೆಯ ಮೇಲೆ ಬೋರಲು ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರು. ಹಣೆ. ಕೆನ್ನೆ. ಗಲ್ಲ. ಏನೂ ಇಲ್ಲ. ಮೂಗಿನ ಹತ್ತಿರ ಬಂದಾಗ ಮಾದೇಶ ಕಣ್ಣು ಮುಚ್ಚಿಕೊಂಡ. ನನ್ನ ಕೈ ತಾಯಮ್ಮನ ಕೈಯಲ್ಲಿತ್ತು, ಯಾರು ಯಾರನ್ನು ಹಿಡಿದಿದ್ದೆವೋ ಗೊತ್ತಿಲ್ಲ.

ತಟ್ಟಿದರು. ಪಂಚೆಯ ಮೇಲೆ ಏನೋ ಬಿತ್ತು.

ಮಾದೇಶ ಕಣ್ಣು ತೆರೆದು ಅದನ್ನು ನೋಡಿದ, ಮುಖ ಬೂದಿಯಾಯಿತು. ಪರವೂರಿನ ದೇವರಿಗೆ ಕೈ ಹಾಕಿ ಕೆಡಿಸಿಬಿಟ್ಟೆನಲ್ಲ ಅಂದುಕೊಂಡೆ. ಪೂಜಾರಪ್ಪ ಬಗ್ಗಿ, ಅದನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣಿನ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದರು.

"ಉಲ್ಲು ಕಣ್ರಲಾ" ಅಂದರು. "ಬತ್ತದ ಉಲ್ಲು."

ಅದನ್ನು ಊದಿ ಹಾರಿಸಿದರು. ಮೂಗಿಗೆ ಇನ್ನೊಂದು ಸಲ, ಈ ಸಲ ಜೋರಾಗಿಯೇ ತಟ್ಟಿದರು. ಬಾಗಿಲು ಬಡಿದಂತೆ ಗಟ್ಟಿ ಸದ್ದು. ಪಂಚೆ ಬೆಳ್ಳಗೇ ಇತ್ತು. ಸೋಮನನ್ನು ಎರಡೂ ಕೈಯಲ್ಲಿ ಎತ್ತಿ ಮಾದೇಶನ ಕಡೆ ಚಾಚಿದರು.

"ಒಳೆಗಲ್ಲ ಕಣ್ಲಾ. ಕಟ್ಕೊ."

ಮಾದೇಶ ಸುತ್ತಿಕೊಂಡ ರುಮಾಲು ಎರಡು ಸಲ ಬಿಚ್ಚಿಹೋಯಿತು. ನಮ್ಮ ಯಜಮಾನರೇ ಮುಂದೆ ಹೋಗಿ ಸುತ್ತಿದರು, ಪೂಜಾರಪ್ಪ ಮೇಲಿಂದ ಸೋಮನನ್ನು ಇಳಿಸಿ ಬಿಗಿದರು. ಆ ಕೆಂಪು ಮುಖ ಒಂದು ಗಳಿಗೆ ಅಲ್ಲಾಡದೆ ನಿಂತಿತು. ಒಳಗಿಂದ "ಅಪ್ಪಾ" ಅನ್ನುವ ಸಣ್ಣ ದನಿ ಕೇಳಿಸಿತು. ನಾನು ಹೋ ಅಂತ ಅತ್ತುಬಿಟ್ಟೆ. ಅಷ್ಟರಲ್ಲಿ ತಮಟೆ ಶುರುವಾಗಿತ್ತು, ಯಾರಿಗೂ ಕೇಳಿಸಲಿಲ್ಲ.